ಐದು ಸ್ಟಾರ್ ಇದ್ದರೆ ಒಳ್ಳೆಯ ಆಸ್ಪತ್ರೆಯೇ?

"ಈ ಆಸ್ಪತ್ರೆಗೆ 4.8 ಸ್ಟಾರ್ ಇದೆ, ಕಣ್ಣು ಮುಚ್ಚಿಕೊಂಡು ಹೋಗಿ" ಎಂಬಂಥ ಮೆಸೇಜುಗಳು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಲೇ ಇರುತ್ತವೆ. ಸ್ಟಾರ್ ಕೊಟ್ಟವರೆಲ್ಲ ಸುಳ್ಳು ಹೇಳಿದ್ದಾರೆ ಎಂದೇನಲ್ಲ. ಆದರೆ ಅವರು ಅಳೆದದ್ದು ಏನನ್ನು? ಎಸಿ, ಪಾರ್ಕಿಂಗ್, ರಿಸೆಪ್ಷನ್‌ನಲ್ಲಿದ್ದವರ ನಗುಮುಖ, ಕ್ಯಾಂಟೀನ್ ಕಾಫಿ ಎಲ್ಲವೂ ಆ ಒಂದೇ ಅಂಕಿಯೊಳಗೆ ಕಲಸಿಹೋಗಿರುತ್ತವೆ.

ತೃಪ್ತಿ ಬೇರೆ, ಒಳ್ಳೆಯ ಚಿಕಿತ್ಸೆ ಬೇರೆ. 2012ರಲ್ಲಿ ಅಮೆರಿಕದ ಸಂಶೋಧಕರು ಸುಮಾರು 52,000 ವಯಸ್ಕರ ಮಾಹಿತಿಯನ್ನು ಪರಿಶೀಲಿಸಿ ವರದಿ ಪ್ರಕಟಿಸಿದರು. ಅತಿ ಹೆಚ್ಚು ತೃಪ್ತಿ ಇದ್ದ ಗುಂಪಿನವರು ಔಷಧಿಗೆ ಹೆಚ್ಚು ಖರ್ಚು ಮಾಡಿದ್ದರು, ಆಸ್ಪತ್ರೆಗೆ ಹೆಚ್ಚು ದಾಖಲಾಗಿದ್ದರು. ಅತಿ ಕಡಿಮೆ ತೃಪ್ತಿ ಇದ್ದವರಿಗೆ ಹೋಲಿಸಿದರೆ ಅವರಲ್ಲಿ ಸಾವಿನ ಅಪಾಯವೂ 26% ಹೆಚ್ಚಿತ್ತು! ತೃಪ್ತಿಯೇ ಜೀವ ತೆಗೆಯಿತು ಎಂದು ಇದರ ಅರ್ಥವಲ್ಲ (ದಯವಿಟ್ಟು ಹಾಗೆಂದು ಫಾರ್ವರ್ಡ್ ಮಾಡಬೇಡಿ). ಎರಡೂ ಒಟ್ಟಿಗೆ ಕಂಡುಬಂದವು, ಅಷ್ಟೇ. ಆದರೂ ಯೋಚಿಸಿ: ನೆಗಡಿಗೆ ಆಂಟಿಬಯಾಟಿಕ್ ಬರೆಸಿಕೊಂಡವರು ಖುಷಿಯಾಗಿ ಮನೆಗೆ ಹೋಗುತ್ತಾರೆ. "ಮಾತ್ರೆ ಬೇಡ, ಮೂರು ದಿನ ಕಾಯಿರಿ" ಎಂದ ವೈದ್ಯರಿಗೆ ಸ್ಟಾರ್ ಕಡಿಮೆ.

ಹಾಗಾದರೆ ಅಳೆಯುವುದು ಹೇಗೆ? "ಇಷ್ಟವಾಯಿತೇ?" ಎನ್ನುವ ಬದಲು "ಏನಾಯಿತು?" ಎಂದು ಕೇಳುವುದು ಒಂದು ದಾರಿ. ಅಮೆರಿಕದ ಆಸ್ಪತ್ರೆಗಳಿಂದ ಬಿಡುಗಡೆಯಾದವರಿಗೆ ಕೇಳುವ ಸಮೀಕ್ಷೆಯಲ್ಲಿ, ಹೊಸ ಔಷಧಿ ಕೊಡುವ ಮುಂಚೆ ಅದು ಏತಕ್ಕೆಂದು ಸಿಬ್ಬಂದಿ ಎಷ್ಟು ಸಲ ಹೇಳಿದರು ಎಂಬ ಪ್ರಶ್ನೆಯಿದೆ. 2008ರಿಂದ ಅದರ ಫಲಿತಾಂಶವನ್ನು ಜನರ ಮುಂದೆ ಇಡಲಾಗುತ್ತಿದೆ. ಇಂಥ ಉತ್ತರ ಸಿಕ್ಕರೆ ಆಸ್ಪತ್ರೆಗೆ ಯಾವುದನ್ನು ಸರಿಪಡಿಸಬೇಕೆಂದು ಗೊತ್ತಾಗುತ್ತದೆ.

ಇನ್ನೊಂದು ಅಳತೆ ರೋಗಿಯ ಕಡೆಯಿಂದ. ಒರೆಗಾನ್ ವಿಶ್ವವಿದ್ಯಾಲಯದ ಜುಡಿತ್ ಹಿಬ್ಬಾರ್ಡ್ ಮತ್ತು ಸಂಗಡಿಗರು 2004ರಲ್ಲಿ ಒಂದು ಪ್ರಶ್ನಾವಳಿ ರೂಪಿಸಿದರು. ಮುಂದಿನ ವರ್ಷ ಅದನ್ನು 13 ಪ್ರಶ್ನೆಗಳಿಗೆ ಇಳಿಸಿದರು. ತನ್ನ ಕಾಯಿಲೆಯನ್ನು ನಿಭಾಯಿಸುವ ತಿಳುವಳಿಕೆ, ಕೌಶಲ, ಧೈರ್ಯ ಒಬ್ಬರಿಗೆ ಎಷ್ಟಿದೆ ಎಂಬುದಕ್ಕೆ 0ರಿಂದ 100ರವರೆಗೆ ಅಂಕ. ಸಕ್ಕರೆ ಕಾಯಿಲೆಯಂಥದ್ದರಲ್ಲಿ ಇದು ಬಹಳ ಉಪಯುಕ್ತ, ಏಕೆಂದರೆ ವೈದ್ಯರು ನೋಡುವುದು ತಿಂಗಳಿಗೊಮ್ಮೆ, ಊಟದ ತಟ್ಟೆಯ ಮುಂದೆ ಕೂರುವುದು ದಿನಕ್ಕೆ ಮೂರು ಸಲ. ಅಂಕ ಕಡಿಮೆ ಇದ್ದವರಿಗೆ ಉದ್ದದ ಪಥ್ಯದ ಪಟ್ಟಿ ಕೊಡುವ ಬದಲು ಒಂದೇ ಸಣ್ಣ ಬದಲಾವಣೆಯಿಂದ ಶುರು ಮಾಡಬಹುದು.

ಇಲ್ಲೊಂದು ಅಪಾಯವೂ ಇದೆ. ಅಂಕ ಕಡಿಮೆ ಬಂದರೆ "ತಪ್ಪು ರೋಗಿಯದೇ" ಎಂದು ಕೈ ತೊಳೆದುಕೊಳ್ಳುವುದು ಸುಲಭ. 2017ರ ಒಂದು ಅಂತರರಾಷ್ಟ್ರೀಯ ವಿಮರ್ಶೆಯ ಪ್ರಕಾರ, ಪ್ರಾಥಮಿಕ ಚಿಕಿತ್ಸೆಯಲ್ಲಿ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸ್ವೀಡನ್ನಿನಲ್ಲಿ ಸರಾಸರಿ 22 ನಿಮಿಷಕ್ಕೂ ಹೆಚ್ಚು. ಭಾರತದಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದಲ್ಲಿ ಯಾರು ತಾನೇ ಪ್ರಶ್ನೆ ಕೇಳಿಯಾರು?

ನಮ್ಮಲ್ಲೂ ಕೇಂದ್ರ ಸರ್ಕಾರ 2016ರಲ್ಲಿ 'ಮೇರಾ ಅಸ್ಪತಾಲ್' ಎಂಬ ಅಭಿಪ್ರಾಯ ಸಂಗ್ರಹ ವ್ಯವಸ್ಥೆ ಆರಂಭಿಸಿತು. ಇನ್ನು ಸ್ಟಾರ್ ಕೊಡುವ ಮೊದಲೇ ನೀವು ಕೇಳಿ ಪಡೆಯಬಹುದಾದದ್ದೂ ಇದೆ: ವೈದ್ಯಕೀಯ ಮಂಡಳಿಯ 2002ರ ನಿಯಮಗಳಂತೆ, ಒಳರೋಗಿಯ ಚಿಕಿತ್ಸಾ ದಾಖಲೆಗಳನ್ನು ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು.