ಹಳೆಯ ಕಾರು ಮತ್ತು ಕಾಣದೆ ಹೋಗುವ ನೀರು

ಸರಸ್ವತಿಪುರಂ, ಕುವೆಂಪುನಗರ, ಜಯಲಕ್ಷ್ಮೀಪುರಂ ಮೊದಲಾದ ನಮ್ಮ ಮೈಸೂರಿನ ಬಡಾವಣೆಗಳಲ್ಲಿ ಹಳೆಯ ಕಾರುಗಳನ್ನು ಮನೆಯ ಸದಸ್ಯರಂತೆ ಉಳಿಸಿಕೊಂಡಿರುವ ಕುಟುಂಬಗಳು ಇಂದಿಗೂ ಉಂಟು. ಅಂಬಾಸಿಡರ್ ಕಾರಿನ ತಯಾರಿಕೆ 2014ರಲ್ಲಿ ನಿಂತಿತು. 1983ರ ಡಿಸೆಂಬರಿನಲ್ಲಿ ಮೊದಲು ರಸ್ತೆಗಿಳಿದ ಮಾರುತಿ 800ರ ತಯಾರಿಕೆಯೂ ಅದೇ ವರ್ಷ ಕೊನೆಗೊಂಡಿತು. ಆದುದರಿಂದ ಇವುಗಳಲ್ಲಿ ಅತಿ ಕಿರಿಯದಕ್ಕೂ ಹತ್ತು ವರ್ಷ ಮೀರಿದೆ. ಇಂತಹ ಕಾರಿನ ಒಡೆಯರು ಆಗಾಗ ಆಡುವ ಮಾತೊಂದಿದೆ: “ವಾರಕ್ಕೊಮ್ಮೆ ರೇಡಿಯೇಟರಿಗೆ ನೀರು ಹಾಕುತ್ತೇವೆ. ನೆಲದ ಮೇಲೆ ಒಂದು ಹನಿಯೂ ಕಾಣದು. ನೀರೆಲ್ಲಿ ಹೋಗುತ್ತದೆ?” ಈ ಪ್ರಶ್ನೆಗೆ ಉತ್ತರ ಹುಡುಕದೆ ಬರಿದೆ ನೀರು ತುಂಬುತ್ತ ಹೋದರೆ, ಕೆಲವು ನೂರು ರೂಪಾಯಿಯಲ್ಲಿ ಮುಗಿಯಬೇಕಾದ ಕೆಲಸವು ಎಂಜಿನ್ನನ್ನೇ ಬಲಿ ತೆಗೆದುಕೊಳ್ಳಬಹುದು.

ಎಂಜಿನ್ನಿನ ಕೆಳಭಾಗ ಬ್ಲಾಕ್, ಮೇಲ್ಭಾಗ ಹೆಡ್. ಇವೆರಡರ ನಡುವೆ ಇರುವ ತೆಳುವಾದ ಹಾಳೆಯೇ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನಲ್ಲಿ ಉರಿಯುವ ಅನಿಲ, ಎಂಜಿನ್ ಆಯಿಲ್ ಮತ್ತು ತಂಪುಗೊಳಿಸುವ ನೀರು, ಈ ಮೂರೂ ಒಂದರೊಳಗೊಂದು ಬೆರೆಯದಂತೆ ತಡೆಯುವುದೇ ಅದರ ಕೆಲಸ. ಇನ್ನು ರೇಡಿಯೇಟರಿನ ಮುಚ್ಚಳ ಕೇವಲ ಮುಚ್ಚಳವಲ್ಲ. ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವ ನಮ್ಮೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಮುಚ್ಚಳವು ಒಳಗೆ ಒತ್ತಡವನ್ನು ಹಿಡಿದಿಟ್ಟು ಈ ಕುದಿಬಿಂದುವನ್ನು ಸುಮಾರು 20 ಡಿಗ್ರಿಯಷ್ಟು ಮೇಲೇರಿಸುತ್ತದೆ. ಅದರ ರಬ್ಬರು ಒಡೆದರೆ ಅಥವಾ ಸ್ಪ್ರಿಂಗು ಸಡಿಲಾದರೆ ನೀರು ಬೇಗನೆ ಕುದಿದು ಆವಿಯಾಗಿ ಹೋಗುತ್ತದೆ. ಆದಕಾರಣ ಗ್ಯಾಸ್ಕೆಟನ್ನು ದೂಷಿಸುವ ಮೊದಲು ಮುಚ್ಚಳವನ್ನು ಪರೀಕ್ಷಿಸುವುದು ವಿವೇಕ.

ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು. ಬೆಳಗ್ಗೆ ಎಂಜಿನ್ ಪೂರ್ಣ ತಣ್ಣಗಿರುವಾಗ ನೀರಿನ ಮಟ್ಟವನ್ನು ಗುರುತಿಸಿಟ್ಟುಕೊಳ್ಳಿರಿ. ರಾತ್ರಿ ಕಾರಿನ ಅಡಿಯಲ್ಲಿ ಹಳೆಯ ವೃತ್ತಪತ್ರಿಕೆಯನ್ನು ಹಾಸಿಡಿರಿ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಬಣ್ಣವೂ ವಾಸನೆಯೂ ಇರದು. ಕೂಲಂಟಿಗೆ ಬಣ್ಣವುಂಟು, ಸಿಹಿವಾಸನೆಯೂ ಉಂಟು. ರಬ್ಬರ್ ಕೊಳವೆಗಳ ಕ್ಲಿಪ್ಪಿನ ಬಳಿ, ರೇಡಿಯೇಟರಿನ ಅಂಚುಗಳಲ್ಲಿ, ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರದಲ್ಲಿ ಒಣಗಿದ ಬಿಳಿ ಅಥವಾ ತುಕ್ಕು ಬಣ್ಣದ ಕಲೆಗಳಿದ್ದರೆ ಸೋರಿಕೆ ಅಲ್ಲಿಯೇ. ಸಣ್ಣ ಸೋರಿಕೆಯು ಬಿಸಿ ಎಂಜಿನ್ನಿನ ಮೇಲೆ ಬಿದ್ದ ಕ್ಷಣವೇ ಆವಿಯಾಗುವುದರಿಂದ ನೆಲ ಒಣಗಿಯೇ ಇರಬಹುದು. ಹೀಟರ್ ಇರುವ ಕಾರಾದರೆ ಮುಂದಿನ ಆಸನದ ಕಾಲಡಿಯ ಹಾಸು ಒದ್ದೆಯಾಗಿದೆಯೇ ಎಂಬುದನ್ನೂ ನೋಡತಕ್ಕದ್ದು.

ಹೊರಗೆ ಎಲ್ಲಿಯೂ ಸೋರಿಕೆ ದೊರೆಯದಿದ್ದಾಗ ಸಂಶಯ ಗ್ಯಾಸ್ಕೆಟಿನ ಕಡೆಗೆ ತಿರುಗುತ್ತದೆ. ಅದರ ಲಕ್ಷಣಗಳು ಹೀಗಿವೆ: ಎಂಜಿನ್ ಬಿಸಿಯಾದ ಮೇಲೂ ಹೊಗೆಕೊಳವೆಯಿಂದ ನಿಲ್ಲದೆ ಬರುವ ಬಿಳಿಯ ಹೊಗೆ, ಡಿಪ್‌ಸ್ಟಿಕ್ಕಿನ ಆಯಿಲ್ ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿರುವುದು, ಬೆಳಗ್ಗೆ ಚಾಲೂ ಮಾಡಿದೊಡನೆ ಎಂಜಿನ್ ತಡವರಿಸುವುದು, ಎಂಜಿನ್ ಇನ್ನೂ ತಣ್ಣಗಿರುವಾಗಲೇ ಮೇಲಿನ ಕೊಳವೆ ಕಲ್ಲಿನಂತೆ ಬಿಗಿಯಾಗುವುದು. ಆದರೆ ಇಲ್ಲಿಯೂ ಆತುರ ಸಲ್ಲದು. ಮಾಗಿಯ ಚಳಿಯಲ್ಲಿ ಎಲ್ಲ ಕಾರುಗಳೂ ಕೆಲವು ನಿಮಿಷ ಬಿಳಿ ಆವಿ ಬಿಡುತ್ತವೆ. ದಿನಕ್ಕೆ ಒಂದೆರಡು ಕಿಲೋಮೀಟರ್ ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಮಳೆಗಾಲದಲ್ಲಿ ಬಿಳಿಯ ನೊರೆ ಕಟ್ಟುವುದೂ ಸಹಜವೇ.

ಆದುದರಿಂದ ಹೆಡ್ ಇಳಿಸಲು ಒಪ್ಪುವ ಮುನ್ನ ಮೆಕ್ಯಾನಿಕ್ಕನನ್ನು ಮೂರು ಪರೀಕ್ಷೆಗಳಿಗೆ ಕೇಳಿಕೊಳ್ಳಬೇಕು. ಮೊದಲನೆಯದು, ತಣ್ಣಗಿರುವ ರೇಡಿಯೇಟರಿಗೆ ಕೈಪಂಪಿನಿಂದ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ನೋಡುವುದು. ಎರಡನೆಯದು, ರೇಡಿಯೇಟರಿನ ಬಾಯಿಂದ ಬರುವ ಗಾಳಿಯನ್ನು ನೀಲಿ ಬಣ್ಣದ ಪರೀಕ್ಷಾ ದ್ರವದ ಮೂಲಕ ಹಾಯಿಸುವುದು; ಪೆಟ್ರೋಲ್ ಎಂಜಿನ್ನಿನ ದಹನದ ಅನಿಲ ಅದರಲ್ಲಿದ್ದರೆ ದ್ರವ ಹಳದಿಯಾಗುತ್ತದೆ. ಮೂರನೆಯದು, ಸಿಲಿಂಡರುಗಳ ಕಂಪ್ರೆಶನ್ ಅಳೆಯುವುದು. ಅಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿ ಅದು ತಗ್ಗಿದ್ದರೆ ಅವುಗಳ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಂಭವ ಹೆಚ್ಚು.

ದೋಷ ಖಚಿತವಾದ ಮೇಲೆ ಗ್ಯಾಸ್ಕೆಟನ್ನು ಬದಲಿಸಿದರೆ ಮಾತ್ರ ಸಾಲದು. ಅದು ಸುಟ್ಟದ್ದೇಕೆ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಕಟ್ಟಿಕೊಂಡ ರೇಡಿಯೇಟರ್, ತಿರುಗದ ಫ್ಯಾನ್, ಸಿಕ್ಕಿಕೊಂಡ ಥರ್ಮೋಸ್ಟಾಟ್, ವರ್ಷಗಟ್ಟಲೆ ಹಾಕಿದ ಬೋರ್‌ವೆಲ್ಲಿನ ಗಡಸು ನೀರು, ಇವುಗಳಲ್ಲಿ ಒಂದು ಕಾರಣವಾಗಿರುವುದುಂಟು. ಅಲ್ಯೂಮಿನಿಯಮ್ ಹೆಡ್ ಅತಿಯಾಗಿ ಕಾದರೆ ಬಾಗುತ್ತದೆ. ಅದರ ಮೈ ಸಮವಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ನೋಡಿ, ಬೇಕಾದರೆ ತಯಾರಕರು ಒಪ್ಪುವ ಮಿತಿಯೊಳಗೆ ತರೆಸಿ, ಬೋಲ್ಟುಗಳನ್ನು ಅವರು ಹೇಳಿರುವ ಕ್ರಮದಲ್ಲಿ ಟಾರ್ಕ್ ಸ್ಪ್ಯಾನರಿನಿಂದ ಬಿಗಿಯಬೇಕು. ಕೆಲವರು ಸೋರಿಕೆ ತಡೆಯಲೆಂದು ರೇಡಿಯೇಟರಿಗೆ ಅರಿಶಿನದ ಪುಡಿ ಹಾಕುವುದುಂಟು. ಅರಿಶಿನ ಗಾಯಕ್ಕೆ ಮದ್ದಾಗಬಹುದು. ರೇಡಿಯೇಟರಿನ ಸಣ್ಣ ನಾಳಗಳಿಗೆ ಅದು ಕಸವೇ. ಥರ್ಮೋಸ್ಟಾಟನ್ನು ಕಿತ್ತೆಸೆಯುವುದೂ ಪರಿಹಾರವಲ್ಲ.

ಊರೊಳಗೆ ನಿಧಾನವಾಗಿ ಓಡುವಾಗ ಸುಮ್ಮನಿರುವ ದೋಷವು ಚಾಮುಂಡಿ ಬೆಟ್ಟದ ಏರಿನಲ್ಲಿಯೋ, 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು ಹೆದ್ದಾರಿಯ ವೇಗದಲ್ಲಿಯೋ, ಮಲೆ ಮಹದೇಶ್ವರ ಬೆಟ್ಟದ ತಿರುವುಗಳಲ್ಲಿಯೋ ಒಮ್ಮೆಲೇ ತಲೆಯೆತ್ತುತ್ತದೆ. ವೃದ್ಧರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೊರಟಾಗ ಉಷ್ಣಮಾಪಕದ ಮುಳ್ಳು ಕೆಂಪಿಗೆ ಏರಿತೆಂದರೆ “ಇನ್ನೇನು ಎರಡು ಮೈಲಿ” ಎನ್ನಬಾರದು. ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿರಿ; ಪೂರ್ಣ ತಣಿಯುವವರೆಗೆ ಕಾಯಿರಿ. ಬಿಸಿ ರೇಡಿಯೇಟರಿನ ಮುಚ್ಚಳವನ್ನು ಬಟ್ಟೆ ಹಿಡಿದೂ ತೆರೆಯಬೇಡಿರಿ. ಚಿಮ್ಮುವ ನೀರು ಮುಖವನ್ನೇ ಬೇಯಿಸುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡುವ ಅಪಾಯವಿದೆ.

ತಾಯಂದಿರಿಗೆ ಒಂದು ಮಾತು. ಸಾಮಾನ್ಯವಾಗಿ ಕೂಲಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ವಿಷ. ಅದನ್ನು ನೀರಿನ ಬಾಟಲಿಯಲ್ಲಿ ತುಂಬಿಡಬೇಡಿರಿ. ನೆಲಕ್ಕೆ ಚೆಲ್ಲಿದ್ದನ್ನು ಮಕ್ಕಳೂ ಸಾಕುಪ್ರಾಣಿಗಳೂ ಮುಟ್ಟುವ ಮೊದಲೇ ತೊಳೆದುಬಿಡಿರಿ.

ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ನಂತರ ಐದೈದು ವರ್ಷಕ್ಕೆ ನವೀಕರಿಸಬೇಕಷ್ಟೆ. ಹೆಡ್ ಕೆಲಸಕ್ಕೆ ಹಣ ಸುರಿಯುವ ಮುನ್ನ ಆ ಖರ್ಚನ್ನೂ, ಕಾರಿನ ತಳದ ತುಕ್ಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಲೇಸು. ದೇಹ ಗಟ್ಟಿಯಿದ್ದರೆ ದುರಸ್ತಿ ಮಾಡಿಸಿ ಇನ್ನಷ್ಟು ವರ್ಷ ಓಡಿಸೋಣ. ಇಲ್ಲವಾದರೆ ಗೌರವದಿಂದ ಬೀಳ್ಕೊಡೋಣ. ಎರಡರಲ್ಲಿ ಯಾವುದನ್ನು ನಿಶ್ಚಯಿಸುವುದಿದ್ದರೂ ಮೊದಲ ಕೆಲಸ ಒಂದೇ: ನಾಳೆ ಬೆಳಗ್ಗೆ ಕಾರು ಚಾಲೂ ಮಾಡುವ ಮುನ್ನ ನೀರಿನ ಮಟ್ಟವನ್ನೊಮ್ಮೆ ನೋಡುವುದು.