ಎಂಜಿನ್ನಿಗಿಂತ ಮೊದಲು ಹಿಂದಿನ ಆಕ್ಸಲ್

ಹಳೆಯ ಕಾರನ್ನು ಮಾರ್ಪಡಿಸಿ ಓಡಿಸುವ ಅಮೆರಿಕದ ಹಾಟ್ ರಾಡ್ ಪ್ರಿಯರಿಗೆ 1932ರ ಫೋರ್ಡ್ ಎಂದರೆ ಪಂಚಪ್ರಾಣ. ಮನೆಯ ಗ್ಯಾರೇಜಿನಲ್ಲೇ ಬಿಚ್ಚಿ, ದೊಡ್ಡ ವಿ-8 ಎಂಜಿನ್ ಕೂರಿಸಿ, ಫಳಫಳ ಬಣ್ಣ ಬಳಿಯುತ್ತಾರೆ. ಅನೇಕರ ಹಣವೂ ಗಮನವೂ ಅಲ್ಲಿಗೇ ಮುಗಿದುಹೋಗುತ್ತದೆ. ಹಿಂದಿನ ಸಸ್ಪೆನ್ಷನ್ ಕೊನೆಗೆ ಉಳಿಯುತ್ತದೆ. ಇದು ಅಪಾಯಕ್ಕೆ ದಾರಿ.

ಮೂಲ ಫೋರ್ಡಿನಲ್ಲಿ ಹಿಂದೆ ಅಡ್ಡಲಾಗಿ ಒಂದೇ ಲೀಫ್ ಸ್ಪ್ರಿಂಗ್ ಇತ್ತು. ಆಕ್ಸಲ್ ತಿರುಚಿಕೊಳ್ಳದಂತೆ ಹಿಡಿದಿಡುತ್ತಿದ್ದುದು ಟಾರ್ಕ್ ಟ್ಯೂಬ್ ಎಂಬ ಉಕ್ಕಿನ ಕೊಳವೆ. ಹೊಸ ಗೇರ್‌ಬಾಕ್ಸ್‌ಗೆ ತೆರೆದ ಪ್ರೊಪೆಲ್ಲರ್ ಶಾಫ್ಟ್ ಜೋಡಿಸಿದೊಡನೆ ಆ ಕೊಳವೆ ಹೋಗುತ್ತದೆ. ಅದರ ಜಾಗದಲ್ಲಿ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಲ್ಯಾಡರ್ ಬಾರ್, ಫೋರ್ ಲಿಂಕ್ ಮುಂತಾದ ಏನಾದರೊಂದು ಬೇಕೇ ಬೇಕು. ಸಮಾನಾಂತರ ಫೋರ್ ಲಿಂಕ್‌ಗೆ ಕಾಯಿಲ್ ಸ್ಪ್ರಿಂಗ್ ಹಾಕಿದರೆ, ಆಕ್ಸಲ್ ಎಡಬಲಕ್ಕೆ ಜಾರದಂತೆ ಪ್ಯಾನ್‌ಹಾರ್ಡ್ ರಾಡ್ ಕೂಡ ಬೇಕು. ಅದು ಗಿಡ್ಡವಾದರೆ ಪ್ರತಿ ಗುಂಡಿಯಲ್ಲೂ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆ. ಆದಷ್ಟು ಉದ್ದವಾಗಿ, ಮಟ್ಟಸವಾಗಿ ಕೂರಿಸಬೇಕು.

ಇನ್ನು ಪಿನಿಯನ್ ಕೋನ, ಅಂದರೆ ಆಕ್ಸಲಿಗೆ ಶಕ್ತಿ ಒಯ್ಯುವ ಶಾಫ್ಟಿನ ಓರೆ. ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟಿಗೆ ಪಿನಿಯನ್ ಶಾಫ್ಟ್ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಇಲ್ಲದಿದ್ದರೆ ಗಾಡಿ ನಡುಗುತ್ತದೆ, ಯೂನಿವರ್ಸಲ್ ಜಾಯಿಂಟ್‌ಗಳು ಬೇಗ ಸವೆಯುತ್ತವೆ. ಬರಿ ಚಾಸಿಯ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಎಂಜಿನ್, ಬಾಡಿ, ಪೆಟ್ರೋಲ್ ಎಲ್ಲದರ ಭಾರ ಬಿದ್ದಾಗ ಗಾಡಿ ನಿಲ್ಲುವ ಎತ್ತರದಲ್ಲೇ ಅಳೆಯಬೇಕು.

ಗಾಡಿ ಕಟ್ಟಲು ಹೊರಟವರು ಮೊದಲ ಖರ್ಚನ್ನು ಇಲ್ಲಿ ಮಾಡಲಿ. ಬಣ್ಣ ಮುಂದಿನ ವರ್ಷಕ್ಕೂ ಕಾಯಬಹುದು.