ಒಡೆಯನೂ ನೀವೇ, ಆಳೂ ನೀವೇ. ಸಂಬಳ ಕೊಡುವವರು ಯಾರು?

ಬ್ರಿಟನ್ನಿನಲ್ಲಿ ಐಎಲ್‌ಆರ್ ಕೈಗೆ ಬಂದ ಮೇಲೆ ನಮ್ಮವರಲ್ಲಿ ಅನೇಕರಿಗೆ ಒಂದು ಆಸೆ ಹುಟ್ಟುತ್ತದೆ: ಇನ್ನು ಯಾರ ಕೈಕೆಳಗೂ ಬೇಡ, ಸ್ವಂತವಾಗಿ ದುಡಿಯೋಣ. ಆಸೆ ತಪ್ಪಲ್ಲ. ನಾನೂ ಆರು ವರ್ಷದಿಂದ ಸೋಲ್ ಟ್ರೇಡರ್ ಆಗಿಯೇ ದುಡಿಯುತ್ತಿದ್ದೇನೆ, ಮತ್ತೆ ನೌಕರಿಗೆ ಹೋಗುವ ಮನಸ್ಸಿಲ್ಲ. ಆದರೆ ಸ್ವಂತ ಉದ್ಯೋಗದವರ ನಿದ್ದೆ ಕೆಡಿಸುವುದು ಹೆಚ್ಚಾಗಿ ಕೆಲಸದ ಹೊರೆಯಲ್ಲ, ಹಣ ಬರುವ ರೀತಿ ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಧ್ಯಾನವೊಂದೇ ಸಾಲದು, ಲೆಕ್ಕವೂ ಬೇಕು.

ಮೊದಲು ರಜೆಯ ವಿಷಯ. ದಿನಕ್ಕೆ 300 ಪೌಂಡ್ ದರ ಎಂದುಕೊಳ್ಳಿ. 260 ದಿನಕ್ಕೆ ಗುಣಿಸಿದರೆ 78,000. ಹೀಗೆ ಲೆಕ್ಕ ಹಾಕಿದವನಿಗೆ ಮಗಳ ಶಾಲೆಯ ಕಾರ್ಯಕ್ರಮಕ್ಕೆ ಹೋದ ದಿನವೂ 300 ಪೌಂಡ್ ನಷ್ಟವಾಗಿಯೇ ಕಾಣುತ್ತದೆ. ವಾರಕ್ಕೆ ಐದು ದಿನ ದುಡಿಯುವ ನೌಕರನಿಗೆ ಕಾನೂನಿನ ಪ್ರಕಾರ ವರ್ಷಕ್ಕೆ 28 ದಿನ ಸಂಬಳಸಹಿತ ರಜೆ ಇದೆ, ಕಾಯಿಲೆ ಬಿದ್ದರೆ ಸಿಕ್ ಪೇ ಇದೆ. ನಮಗೆ ಎರಡೂ ಇಲ್ಲ. ಅದಕ್ಕೇ ನಾನು 200 ದಿನ ಮಾತ್ರ ಎಣಿಸುತ್ತೇನೆ: 60,000. ಉಳಿದ 60 ದಿನ ರಜೆಗೆ, ಜ್ವರಕ್ಕೆ, ಎರಡು ಕಾಂಟ್ರಾಕ್ಟ್‌ಗಳ ನಡುವಿನ ಖಾಲಿ ವಾರಗಳಿಗೆ. ಆಗ ಮಲಗಿ ಸುಧಾರಿಸಿಕೊಂಡರೂ ಮನಸ್ಸು ಚುಚ್ಚುವುದಿಲ್ಲ. ಅಷ್ಟರಲ್ಲಿ ಸಂಸಾರ ಸಾಗದಿದ್ದರೆ ನಿಮ್ಮ ದರ ಕಡಿಮೆ ಇದೆ ಎಂದರ್ಥ. ಅದು ರಾಜೀನಾಮೆ ಕೊಡುವ ಮೊದಲೇ ತಿಳಿದರೆ ಒಳ್ಳೆಯದು.

ಎರಡನೆಯದು ತೆರಿಗೆ. ಮೊದಲ ವರ್ಷದ ತೆರಿಗೆ 10,000 ಪೌಂಡ್ ಬಂದರೆ ಜನವರಿ 31ಕ್ಕೆ ಕಟ್ಟಬೇಕಾದದ್ದು ಸಾಮಾನ್ಯವಾಗಿ 15,000. ಮುಂದಿನ ವರ್ಷದ ಮುಂಗಡದ ಅರ್ಧವೂ ಅದರಲ್ಲಿ ಸೇರಿರುತ್ತದೆ. ಇನ್ನರ್ಧ ಜುಲೈ 31ಕ್ಕೆ. ಸಂಬಳದಲ್ಲೇ ತೆರಿಗೆ ಮುರಿದುಕೊಂಡು ಅಭ್ಯಾಸವಾದ ನಮಗೆ ಇದು ಬರಸಿಡಿಲು. ಪ್ರತಿ ಇನ್‌ವಾಯ್ಸ್ ಹಣ ಬಂದ ದಿನವೇ ಶೇ. 30ರಷ್ಟನ್ನು ಬೇರೆ ಖಾತೆಗೆ ಹಾಕಿಬಿಡಿ. ಅದು ನಿಮ್ಮದಲ್ಲ, ನಿಮ್ಮ ಬಳಿ ಇರುವ ಸರ್ಕಾರದ ಹಣ.

ಮೂರನೆಯದು, ನಿಮಗೆ ನೀವೇ ಸಂಬಳ ಕೊಟ್ಟುಕೊಳ್ಳಿ. ಪ್ರತಿ ತಿಂಗಳು ಒಂದೇ ತಾರೀಕು, ಒಂದೇ ಮೊತ್ತ. ಒಳ್ಳೆಯ ತಿಂಗಳಲ್ಲಿ ಉಳಿದದ್ದು ಬಿಸಿನೆಸ್ ಖಾತೆಯಲ್ಲೇ ಇರಲಿ. ಅಲ್ಲಿ ಆರು ತಿಂಗಳ ಮನೆಖರ್ಚು ಕೂಡುವವರೆಗೆ ಹೊಸ ಕಾರಿನ ಮಾತು ಬೇಡ. ಒಬ್ಬ ಗ್ರಾಹಕರು ನನ್ನ ಹಣವನ್ನು ಮೂರು ತಿಂಗಳು ತಡಮಾಡಿದರು. ತಡವಾದ ವ್ಯಾಪಾರಿ ಬಾಕಿಗೆ ಬ್ಯಾಂಕ್ ಆಫ್ ಇಂಗ್ಲೆಂಡ್ ದರದ ಮೇಲೆ ಶೇ. 8 ಬಡ್ಡಿ ಕೇಳುವ ಹಕ್ಕನ್ನು 1998ರ ಕಾನೂನು ಕೊಟ್ಟಿದೆ. ಆದರೆ ಕಾನೂನು ಬಡ್ಡಿ ಕೊಡಿಸೀತು, ಆ ತಿಂಗಳ ಬಾಡಿಗೆ ಕಟ್ಟಲಾರದು. ಕಟ್ಟಿದ್ದು ಈ ಕೂಡಿಟ್ಟ ಹಣ.

ಸ್ವಾತಂತ್ರ್ಯವೇ ದೊಡ್ಡ ನೆಮ್ಮದಿಯಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ಮುಂದಿನ ತಿಂಗಳ ಖರ್ಚಿಗೆ ದಾರಿ ಕಾಣದವನು ಎಂಥ ಕೆಟ್ಟ ಗ್ರಾಹಕನಿಗೂ ಇಲ್ಲ ಎನ್ನಲಾರ. ಹಾಗಿದ್ದ ಮೇಲೆ ಅದೆಂಥ ಸ್ವಾತಂತ್ರ್ಯ?

ಹಣದಿಂದ ಎಲ್ಲವೂ ಸರಿಹೋಗುವುದಿಲ್ಲ, ನಿಜ. ಊರಿನಲ್ಲಿರುವ ಅಪ್ಪ ಅಮ್ಮನಿಗೆ ಗಾಬರಿಯಾಗಬಾರದೆಂದು ಎಲ್ಲವನ್ನೂ ಚೆನ್ನಾಗಿದೆ ಎನ್ನುತ್ತೇವೆ. ಆದರೆ ಹೆಂಡತಿಗೆ, ಗಂಡನಿಗೆ ಖಾತೆಯಲ್ಲಿ ಎಷ್ಟಿದೆ ಎಂಬುದು ಗೊತ್ತಿರಲೇಬೇಕು. ಮನಸ್ಸು ತೀರಾ ಕುಸಿದರೆ, ಇಂಗ್ಲೆಂಡಿನಲ್ಲಿರುವವರು ಜಿಪಿ ಚೀಟಿ ಇಲ್ಲದೆಯೂ ಎನ್‌ಎಚ್‌ಎಸ್ ಟಾಕಿಂಗ್ ಥೆರಪೀಸ್‌ಗೆ ನೇರವಾಗಿ ಹೆಸರು ಕೊಡಬಹುದು, ಹಣ ಕಟ್ಟಬೇಕಿಲ್ಲ.

ನೌಕರಿ ಬಿಡುವ ಯೋಚನೆ ಇದ್ದರೆ, 200 ದಿನದ ಲೆಕ್ಕದಲ್ಲಿ ತೆರಿಗೆ ಕಳೆದು ತಿಂಗಳಿಗೆ ಎಷ್ಟು ಬರುತ್ತದೆ ನೋಡಿ. ಕೆಲಸದಲ್ಲಿರುವಾಗಲೇ ಆರು ತಿಂಗಳು ಅಷ್ಟರಲ್ಲೇ ಬದುಕಿ. ಉಳಿದ ಸಂಬಳ ನಿಮ್ಮ ಗಂಟಿಗೆ ಸೇರುತ್ತದೆ. ನಿದ್ದೆ ಚೆನ್ನಾಗಿ ಬಂದರೆ ಆಮೇಲೆ ರಾಜೀನಾಮೆ ಬರೆಯಿರಿ.